ರಜೆ ಮುಗಿದರೂ ಮರಳದ ಯೋಧ

ಮಗನು ಸೈನ್ಯಕ್ಕೆ ಸೇರಿದ ದಿನ ನಮ್ಮ ಹಳ್ಳಿಗಳಲ್ಲಿ ಒಂದು ಮನೆಯಷ್ಟೇ ಅಲ್ಲ, ಇಡೀ ಓಣಿಯೇ ಹಿಗ್ಗುತ್ತದೆ. ತಾಯಿತಂದೆಗಳು ಅವನನ್ನು ಮಠಕ್ಕೆ ಕರೆತಂದು ಗದ್ದುಗೆಗೆ ನಮಸ್ಕಾರ ಮಾಡಿಸುತ್ತಾರೆ. ಪೂಜ್ಯರು ಹಣೆಗೆ ವಿಭೂತಿಯಿಟ್ಟು ಹರಸುತ್ತಾರೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ, ಹಾವೇರಿ ಜಿಲ್ಲೆಗಳ ಎಷ್ಟೋ ಶರಣ ಕುಟುಂಬಗಳ ಪಡಸಾಲೆಯಲ್ಲಿ ಬಸವಣ್ಣನವರ ಭಾವಚಿತ್ರದ ಪಕ್ಕದಲ್ಲಿಯೇ ಸಮವಸ್ತ್ರ ತೊಟ್ಟ ಮಗನ ಭಾವಚಿತ್ರವೂ ಇರುತ್ತದೆ.

ಆದರೆ ರಜೆಗೆಂದು ಊರಿಗೆ ಬಂದ ಆ ಮಗನು ರಜೆ ಮುಗಿದರೂ ಮರಳಿ ಹೋಗದೆ ಉಳಿದರೆ? ಮೊದಲ ವಾರ ಯಾರೂ ಕೇಳುವುದಿಲ್ಲ. ತಿಂಗಳಾದ ಮೇಲೆ ನೆರೆಹೊರೆಯವರು ಪಿಸುಗುಟ್ಟತೊಡಗುತ್ತಾರೆ. ವರ್ಷವಾದ ಮೇಲೆ ಗೋಡೆಯ ಮೇಲಿನ ಭಾವಚಿತ್ರವನ್ನು ಸದ್ದಿಲ್ಲದೆ ಇಳಿಸಿ ಪೆಟ್ಟಿಗೆಯಲ್ಲಿಡುತ್ತಾರೆ. ಕಡೆಗೊಂದು ದಿನ ಸೇವೆಯಿಂದ ವಜಾಗೊಳಿಸಿದ ಆಜ್ಞಾಪತ್ರ ಅಂಚೆಯಲ್ಲಿ ಬರುತ್ತದೆ. ಅಂಥ ಮನೆಗಳ ದುಃಖವನ್ನು ಕುರಿತು ನಮ್ಮ ಪತ್ರಿಕೆಗಳಲ್ಲಿ ಬರೆದವರು ವಿರಳ. ಆದುದರಿಂದ ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಸಮಾಜದ ಮುಂದಿಡಲು ಬಯಸುತ್ತೇನೆ. ಇದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಸೇರಿದೆ.

ಜಂತಿಯ ಸಂದಿನಲ್ಲಿದ್ದ ಲಕೋಟೆಗಳು

ಸುಮಾರು ಹದಿನೆಂಟು ವರ್ಷಗಳ ಹಿಂದಿನ ಮಾತು. ನಾನು ಅಧ್ಯಾಪನ ಮಾಡುತ್ತಿದ್ದ ಮಠಕ್ಕೆ ಒಬ್ಬ ತಾಯಿ ಬಂದಳು. ಹನ್ನೆರಡು ವರ್ಷ ಸೈನ್ಯದಲ್ಲಿದ್ದ ಅವಳ ಮಗ ಆಗ ರಜೆಯ ಮೇಲೆ ಊರಿಗೆ ಬಂದಿದ್ದ. ಅವನು ಬಂದ ಹತ್ತನೆಯ ದಿನಕ್ಕೆ ತಂದೆಗೆ ಪಾರ್ಶ್ವವಾಯು ಬಡಿಯಿತು. ತಮ್ಮನು ಮೊದಲೇ ತೀರಿಹೋಗಿದ್ದ. ಹೊಲದಲ್ಲಿ ಜೋಳ ಕೊಯ್ಲಿಗೆ ಬಂದಿತ್ತು. ರಜೆ ಮುಗಿದು ಇಪ್ಪತ್ತು ದಿನಗಳಾಗಿದ್ದವು. ದಳದಿಂದ ಬಂದ ಪತ್ರವೊಂದನ್ನು ಆ ತಾಯಿ ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳು. “ಏನು ಮಾಡಲಿ ಗುರುಗಳೇ?” ಎಂದು ಕೇಳಿದಳು.

ನಾನು ಪತ್ರವನ್ನು ಓದಿದೆ. ಕೂಡಲೇ ಕರ್ತವ್ಯಕ್ಕೆ ಹಾಜರಾಗಬೇಕೆಂದು ಅದರಲ್ಲಿತ್ತು. ನಾನು ಹೇಳಿದ್ದು ಇಷ್ಟೇ: “ತಂದೆಯ ಸೇವೆಯೂ ದೊಡ್ಡದೇ ತಾಯಿ. ಅವರು ಸ್ವಲ್ಪ ಗುಣಮುಖರಾಗಲಿ, ಆಮೇಲೆ ಹೋಗಲಿ. ಸರಕಾರಕ್ಕೂ ಕರುಣೆ ಇರುತ್ತದೆ.” ಅವಳು ಸಮಾಧಾನಗೊಂಡು ಹೋದಳು. ಒಂದು ಹಾಳೆ ತೆಗೆದುಕೊಂಡು ಕಮಾಂಡಿಂಗ್ ಅಧಿಕಾರಿಗೆ ಎರಡು ಸಾಲು ಬರೆದುಕೊಡಬೇಕೆಂದು ನನಗೆ ಹೊಳೆಯಲಿಲ್ಲ. ಸರಕಾರದ ಕರುಣೆಯ ಮಾತಾಡಿದ ನಾನು, ಆ ಕರುಣೆಗೆ ವಿಷಯ ತಿಳಿಸುವವರು ಯಾರೆಂಬುದನ್ನು ಯೋಚಿಸಲಿಲ್ಲ.

ನಾಲ್ಕು ವರ್ಷಗಳ ತರುವಾಯ ಆ ಮಗನೇ ಬಂದ. ತಂದೆ ಎರಡನೆಯ ವರ್ಷಕ್ಕೆ ಲಿಂಗೈಕ್ಯರಾಗಿದ್ದರು. ಅಷ್ಟರಲ್ಲಿ ಮರಳಿ ಹೋಗುವ ಧೈರ್ಯ ಅವನಲ್ಲಿ ಉಳಿದಿರಲಿಲ್ಲ. ಹೋದರೆ ಸೆರೆಮನೆ ಎಂದು ಒಬ್ಬರು, ಗುಂಡು ಹಾರಿಸುತ್ತಾರೆ ಎಂದು ಇನ್ನೊಬ್ಬರು ಹೆದರಿಸಿದ್ದರು. ದಳದಿಂದ ಬಂದ ಲಕೋಟೆಗಳನ್ನೆಲ್ಲ ಒಡೆಯದೆ ಜಂತಿಯ ಸಂದಿನಲ್ಲಿ ಸಿಕ್ಕಿಸಿದ್ದರು. ಕಡೆಯ ಲಕೋಟೆಯಲ್ಲಿ ವಜಾ ಆಜ್ಞೆಯಿತ್ತು. ಆಸ್ಪತ್ರೆಯ ಚೀಟಿಗಳು ಮಾತ್ರ ಒಂದೂ ಕಳೆಯದೆ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ಅವನ್ನು ನನ್ನ ಮುಂದೆ ಹರಡಿ, “ಇವನ್ನು ನಾನು ಯಾರಿಗೆ ತೋರಿಸಬೇಕಾಗಿತ್ತು?” ಎಂದು ಕೇಳಿದ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಅಂದಿನಿಂದ ನಾನು ಕಲಿತುದನ್ನೇ ಇಲ್ಲಿ ನಿವೇದಿಸುತ್ತಿದ್ದೇನೆ.

ಕಾನೂನು ಏನೆನ್ನುತ್ತದೆ

1950ರ ಸೇನಾ ಅಧಿನಿಯಮವು ಎರಡು ಅಪರಾಧಗಳನ್ನು ಬೇರೆಬೇರೆಯಾಗಿ ಎಣಿಸುತ್ತದೆ. 39ನೆಯ ಕಲಮು ಅನುಮತಿಯಿಲ್ಲದ ಗೈರುಹಾಜರಿಗೆ ಸಂಬಂಧಿಸಿದುದು. ಸಾಕಷ್ಟು ಕಾರಣವಿಲ್ಲದೆ ರಜೆ ಮೀರಿ ಉಳಿಯುವುದೂ ಅದರಲ್ಲಿಯೇ ಅಡಕವಾಗಿದೆ. ಅದಕ್ಕೆ 3 ವರ್ಷಗಳವರೆಗೆ ಕಾರಾಗೃಹವಾಸ ವಿಧಿಸಬಹುದು. 38ನೆಯ ಕಲಮು ಪಲಾಯನಕ್ಕೆ ಸಂಬಂಧಿಸಿದುದು. ಸಕ್ರಿಯ ಸೇವೆಯಲ್ಲಿರುವಾಗ ಪಲಾಯನ ಮಾಡಿದವನಿಗೆ ಮರಣದಂಡನೆಯವರೆಗೆ, ಇತರ ಸಂದರ್ಭಗಳಲ್ಲಿ 7 ವರ್ಷಗಳವರೆಗೆ ಕಾರಾಗೃಹವಾಸ ವಿಧಿಸಲು ಅವಕಾಶವಿದೆ. ಈ ಎರಡರ ನಡುವಿನ ಗೆರೆ ದಿನಗಳ ಲೆಕ್ಕದಲ್ಲಿಲ್ಲ, ಮನಸ್ಸಿನ ಸಂಕಲ್ಪದಲ್ಲಿದೆ. ಮರಳಿ ಹೋಗಲೇಬಾರದೆಂಬ ಉದ್ದೇಶವಿದ್ದರೆ ಅದು ಪಲಾಯನ; ಅಂಥ ಉದ್ದೇಶವಿಲ್ಲದಿದ್ದರೆ ಗೈರುಹಾಜರಿ. ಸರ್ವೋಚ್ಚ ನ್ಯಾಯಾಲಯವು 1986ರ ತೀರ್ಪೊಂದರಲ್ಲಿ ಈ ಭೇದವನ್ನು ಸ್ಪಷ್ಟಪಡಿಸಿದೆ.

39ನೆಯ ಕಲಮಿನಲ್ಲಿರುವ “ಸಾಕಷ್ಟು ಕಾರಣವಿಲ್ಲದೆ” ಎಂಬ ಮಾತನ್ನು ಗಮನಿಸಬೇಕು. ಕಾರಣವನ್ನು ಕೇಳಲು ಕಾನೂನೇ ಒಂದು ಬಾಗಿಲನ್ನು ತೆರೆದಿಟ್ಟಿದೆ. ಆದರೆ ಆ ಬಾಗಿಲ ಬಳಿಗೆ ನಾವೇ ನಡೆದುಹೋಗಬೇಕು.

ಯೋಧನು ಅನುಮತಿಯಿಲ್ಲದೆ 30 ದಿನಗಳ ಕಾಲ ಗೈರುಹಾಜರಾದರೆ 106ನೆಯ ಕಲಮಿನಂತೆ ಕೋರ್ಟ್ ಆಫ್ ಎಂಕ್ವೈರಿ ಸೇರುತ್ತದೆ. ಸಾಕಷ್ಟು ಕಾರಣವಿಲ್ಲದೆ ಗೈರುಹಾಜರಾಗಿದ್ದಾನೆಂದು ಅದಕ್ಕೆ ಮನವರಿಕೆಯಾದರೆ ಹಾಗೆಂದು ಘೋಷಿಸುತ್ತದೆ, ಅದು ದಾಖಲಾಗುತ್ತದೆ. ಆ ಬಳಿಕ ಅವನು ಶರಣಾಗತನಾಗದೆ ಅಥವಾ ಸೆರೆಸಿಕ್ಕದೆ ಇದ್ದಲ್ಲಿ ಅವನನ್ನು ಪಲಾಯನಗೈದವನೆಂದೇ ಭಾವಿಸಲಾಗುತ್ತದೆ. ನಾನು ಆ ತಾಯಿಗೆ ಬುದ್ಧಿ ಹೇಳಿದ ದಿನ ಇಪ್ಪತ್ತನೆಯ ದಿನವಾಗಿತ್ತು. ಇನ್ನೂ ಹತ್ತು ದಿನಗಳಿದ್ದವು. ಆ ವಿಚಾರಣೆಯ ಮುಂದೆ ಮನೆಯಿಂದ ಹೋದ ಒಂದು ಪತ್ರ, ವೈದ್ಯರ ಒಂದು ಚೀಟಿ ಇದ್ದಿದ್ದರೆ ಅವು ದಾಖಲೆಗೆ ಸೇರುತ್ತಿದ್ದವು. ಇರಲಿಲ್ಲ, ಮೌನವೇ ದಾಖಲೆಯಾಯಿತು.

ವಜಾ ಮತ್ತು ಬಿಡುಗಡೆ

ಸೇವೆಯಿಂದ ಹೊರಬರುವ ದಾರಿಗಳೆಲ್ಲ ಒಂದೇ ಅಲ್ಲ ಎಂಬುದನ್ನು ಕುಟುಂಬದವರು ತಿಳಿಯುವುದು ಅಗತ್ಯ. ಗೈರುಹಾಜರಾದವನು ಮರಳಿ ಬಂದಾಗ ಕಮಾಂಡಿಂಗ್ ಅಧಿಕಾರಿಯು ಸಮ್ಮರಿ ಕೋರ್ಟ್ ಮಾರ್ಷಲ್ ನಡೆಸಿ ಅವನನ್ನು ಶಿಕ್ಷಿಸಬಹುದು, ವಜಾ ಮಾಡಬಹುದು. ಮರಳದೆಯೇ ಉಳಿದವನನ್ನು 20ನೆಯ ಕಲಮಿನಂತೆ ಅಧಿಕಾರವುಳ್ಳ ಹಿರಿಯ ಅಧಿಕಾರಿಯು ಆಡಳಿತಾತ್ಮಕವಾಗಿ ವಜಾಗೊಳಿಸಬಹುದು. ಈ ಎರಡನೆಯ ದಾರಿಗೆ 1954ರ ಸೇನಾ ನಿಯಮಗಳಲ್ಲಿನ 17ನೆಯ ನಿಯಮವು ಒಂದು ಕಟ್ಟು ಹಾಕಿದೆ. ಆರೋಪದ ವಿವರವನ್ನು ಯೋಧನಿಗೆ ತಿಳಿಸಬೇಕು, ಉತ್ತರ ಬರೆಯಲು ಸಮಂಜಸವಾದ ಕಾಲಾವಕಾಶ ನೀಡಬೇಕು. ಹಾಗೆ ತಿಳಿಸುವುದು ಸಾಧ್ಯವಿಲ್ಲವೆಂದು ಅಧಿಕಾರಿಯು ಬರವಣಿಗೆಯಲ್ಲಿ ದೃಢೀಕರಿಸಿದಾಗ ಮಾತ್ರ ಇದಕ್ಕೆ ವಿನಾಯಿತಿ. ಇನ್ನು ನ್ಯಾಯಾಲಯದ ಶಿಕ್ಷೆಯ ಫಲವಾಗಿ ಬರುವ ವಜಾಕ್ಕೆ ಈ ನಿಯಮ ಅನ್ವಯಿಸದು.

ಬಿಡುಗಡೆ ಎಂಬುದು ಬೇರೆ. ಬಿಡುಗಡೆ ಹೊಂದಿದವನು ನಿಯಮಾನುಸಾರ ತಾನು ಗಳಿಸಿದ ಪಿಂಚಣಿ ಅಥವಾ ಉಪದಾನಕ್ಕೆ ಅರ್ಹನಾಗಿರುತ್ತಾನೆ. ವಜಾಗೊಂಡವನಾದರೋ ಸೇನಾ ಪಿಂಚಣಿ ನಿಯಮಗಳ ಪ್ರಕಾರ ಹಿಂದಿನ ಸೇವೆಯ ಸಮಸ್ತ ಪಿಂಚಣಿ, ಉಪದಾನಗಳಿಗೆ ಎರವಾಗುತ್ತಾನೆ. ಅಪರೂಪದ ಸಂದರ್ಭಗಳಲ್ಲಿ ರಾಷ್ಟ್ರಪತಿಗಳ ವಿವೇಚನೆಯಂತೆ ಅದನ್ನು ಮಂಜೂರು ಮಾಡಲು ಅವಕಾಶವಿದ್ದರೂ ಅದು ಹಕ್ಕಲ್ಲ. ಸಾಮಾನ್ಯ ಯೋಧನಿಗೆ ಸೇವಾ ಪಿಂಚಣಿ ದೊರೆಯಲು 15 ವರ್ಷಗಳ ಅರ್ಹ ಸೇವೆ ಬೇಕು. ಗೈರುಹಾಜರಿಯ ದಿನಗಳ ವೇತನವೂ ಕಡಿತವಾಗುತ್ತದೆ. ಹೀಗಾಗಿ ಆಜ್ಞಾಪತ್ರದಲ್ಲಿರುವ ಒಂದು ಶಬ್ದದ ಮೇಲೆ ಹೆಂಡತಿಮಕ್ಕಳ ಮುಂದಿನ ಬದುಕೇ ನಿಂತಿರುತ್ತದೆ. ಮೇಲ್ಮನವಿಯ ಹೋರಾಟ ಬಹುತೇಕ ಆ ಶಬ್ದಕ್ಕಾಗಿಯೇ ನಡೆಯುತ್ತದೆ.

ಮೇಲ್ಮನವಿಯ ಮೆಟ್ಟಿಲುಗಳು

ಮೊದಲನೆಯದಾಗಿ ಕಾಗದಪತ್ರಗಳು. ವಜಾ ಆಜ್ಞೆಯ ಪ್ರತಿ ಕೈಯಲ್ಲಿರಬೇಕು. ಕೋರ್ಟ್ ಮಾರ್ಷಲ್ ನಡೆದಿದ್ದರೆ ಅದರ ನಡಾವಳಿಯ ಪ್ರತಿಯನ್ನು ಕೇಳಿ ಪಡೆಯಲು ಸೇನಾ ನಿಯಮಗಳಲ್ಲಿಯೇ ಅವಕಾಶವಿದೆ. ದೊರೆಯದ ದಾಖಲೆಗಳಿಗಾಗಿ ದಳದ ರೆಕಾರ್ಡ್ಸ್ ಕಚೇರಿಗೆ 2005ರ ಮಾಹಿತಿ ಹಕ್ಕು ಅಧಿನಿಯಮದ ಮೇರೆಗೆ ಅರ್ಜಿ ಸಲ್ಲಿಸಬಹುದು. ಆಸ್ಪತ್ರೆಯ ಚೀಟಿ, ಮರಣ ಪ್ರಮಾಣಪತ್ರ, ಅಂಚೆಯ ರಸೀದಿ, ಹಿಂದಿನ ಪದಕ ಪ್ರಶಸ್ತಿಗಳ ವಿವರ, ಇವೆಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಬೇಕು.

ಎರಡನೆಯದಾಗಿ ಸೇನೆಯೊಳಗಿನ ಮನವಿ. ಕೋರ್ಟ್ ಮಾರ್ಷಲ್ ತೀರ್ಪಿನ ವಿರುದ್ಧ 164ನೆಯ ಕಲಮಿನಂತೆ ಕೇಂದ್ರ ಸರಕಾರಕ್ಕೆ, ಸೇನಾ ಮುಖ್ಯಸ್ಥರಿಗೆ ಅಥವಾ ನಿಯಮಿತ ಮೇಲಧಿಕಾರಿಗೆ ಅರ್ಜಿ ಸಲ್ಲಿಸಬಹುದು. ಆಡಳಿತಾತ್ಮಕ ವಜಾ ಆಗಿದ್ದರೂ ಮೇಲಿನ ಅಧಿಕಾರಿಗೆ ಮನವಿ ಮಾಡಿಕೊಳ್ಳುವುದೇ ಮೊದಲ ಹೆಜ್ಜೆ.

ಮೂರನೆಯದು ಸಶಸ್ತ್ರ ಪಡೆಗಳ ನ್ಯಾಯಮಂಡಳಿ. 2007ರ ಅಧಿನಿಯಮದಂತೆ ರೂಪುಗೊಂಡ ಈ ಮಂಡಳಿ 2009ರ ಆಗಸ್ಟ್ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. ಕರ್ನಾಟಕವು ಕೊಚ್ಚಿಯ ಪ್ರಾದೇಶಿಕ ಪೀಠದ ವ್ಯಾಪ್ತಿಗೆ ಸೇರಿದೆ. ಇತರ ಪರಿಹಾರ ಮಾರ್ಗಗಳನ್ನು ಮೊದಲು ಬಳಸಿರಬೇಕು ಎಂಬುದು ಇಲ್ಲಿನ ನಿಯಮ. ಆದರೆ ಮನವಿ ಸಲ್ಲಿಸಿ 6 ತಿಂಗಳಾದರೂ ಉತ್ತರ ಬಾರದಿದ್ದರೆ ನೇರವಾಗಿ ಮಂಡಳಿಯ ಮುಂದೆ ಹೋಗಬಹುದು. ಅಂತಿಮ ಆಜ್ಞೆಯಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ತಡವಾದರೆ ಅದಕ್ಕೆ ಸಮರ್ಥವಾದ ಕಾರಣ ತೋರಿಸಬೇಕು. ಮಂಡಳಿಯ ಆದೇಶದ ಮೇಲೆ ಸಾರ್ವಜನಿಕ ಮಹತ್ವದ ಕಾನೂನಿನ ಪ್ರಶ್ನೆಯಿದ್ದಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಬಹುದು. ಉಚ್ಚ ನ್ಯಾಯಾಲಯದ ರಿಟ್ ಅಧಿಕಾರವೂ ಮುಚ್ಚಿಹೋಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವೇ 2023ರ ಮಾರ್ಚ್ ತಿಂಗಳಲ್ಲಿ ತೀರ್ಪಿತ್ತಿದೆ.

ಎರಡು ತೀರ್ಪುಗಳು, ಎರಡು ಪಾಠಗಳು

2023ರ ಜುಲೈ 28ರಂದು ಸರ್ವೋಚ್ಚ ನ್ಯಾಯಾಲಯದ ಮುಂದೆ ಇತ್ಯರ್ಥವಾದ ಮೊಕದ್ದಮೆಯೊಂದನ್ನು ಪ್ರತಿಯೊಬ್ಬ ಯೋಧನ ಮನೆಯವರೂ ತಿಳಿದಿರಬೇಕು. 1983ರಲ್ಲಿ ಸೇನಾ ಸರಬರಾಜು ದಳಕ್ಕೆ ಚಾಲಕನಾಗಿ ಸೇರಿದ ಯೋಧನೊಬ್ಬ 1998ರಲ್ಲಿ ರಜೆಯ ಮೇಲೆ ಹೋದ. ರಜೆಯ ವಿಸ್ತರಣೆಯೂ ದೊರೆಯಿತು. ಅದೂ ಮುಗಿದ ಮೇಲೆ 108 ದಿನ ಉಳಿದುಬಿಟ್ಟ. ಹೆಂಡತಿಯ ಅನಾರೋಗ್ಯವೇ ಕಾರಣವೆಂದು ಹೇಳಿದ. ಆದರೆ ಆ ಚಿಕಿತ್ಸೆಗೆ ಸಂಬಂಧಿಸಿದ ಒಂದು ಕಾಗದವನ್ನೂ ಹಾಜರುಪಡಿಸಲಿಲ್ಲ. ಇಂಥ ತಪ್ಪಿಗಾಗಿ ಅವನು ಹಿಂದೆಯೂ ಶಿಕ್ಷೆ ಅನುಭವಿಸಿದ್ದ. ನ್ಯಾಯಾಲಯವು ವಜಾ ಆಜ್ಞೆಯನ್ನೇ ಎತ್ತಿಹಿಡಿಯಿತು. ಕಾರಣ ನಿಜವಿದ್ದಿರಲೂಬಹುದು. ಆದರೆ ಆಧಾರವಿಲ್ಲದ ಕಾರಣವು ನ್ಯಾಯಪೀಠದ ಮುಂದೆ ನಿಲ್ಲದು.

2015ರ ಅಕ್ಟೋಬರ್ ತಿಂಗಳ ಇನ್ನೊಂದು ತೀರ್ಪು ಬೇರೊಂದು ಪಾಠ ಹೇಳುತ್ತದೆ. ಸೇವಾ ಪುಸ್ತಕದಲ್ಲಿ ನಾಲ್ಕು ಕೆಂಪು ಶಾಯಿಯ ನಮೂದುಗಳಿದ್ದ ಮಾತ್ರಕ್ಕೆ ಯೋಧನನ್ನು ಯಾಂತ್ರಿಕವಾಗಿ ಮನೆಗೆ ಕಳುಹಿಸಲಾಗದು ಎಂದು ಅಲ್ಲಿ ನ್ಯಾಯಾಲಯ ಹೇಳಿತು. ಮೊದಲು ವಿಚಾರಣೆ ನಡೆಯಬೇಕು. ತಪ್ಪುಗಳ ಸ್ವರೂಪ, ಸೇವೆಯ ದೀರ್ಘತೆ, ಕಠಿಣ ಪ್ರದೇಶಗಳಲ್ಲಿನ ದುಡಿಮೆ ಇವನ್ನು ತೂಗಿ ನೋಡಬೇಕು ಎಂದಿತು. ನ್ಯಾಯದ ಕಣ್ಣು ತಪ್ಪನ್ನು ಮಾತ್ರ ನೋಡದು, ಮನುಷ್ಯನನ್ನೂ ನೋಡಬಲ್ಲದು. ಆದರೆ ಆ ಮನುಷ್ಯನು ತನ್ನನ್ನು ತಾನು ತೋರಿಸಿಕೊಳ್ಳಬೇಕು.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಅಮೆರಿಕೆಯ ಸೇನೆಯಲ್ಲಿ ಬಿಡುಗಡೆಗೇ ಅನೇಕ ದರ್ಜೆಗಳಿವೆ. ಗೌರವಯುತವಾದುದು ಮೊದಲ್ಗೊಂಡು ಅಗೌರವದ ವಜಾದವರೆಗೆ ಅವು ಇಳಿಯುತ್ತ ಹೋಗುತ್ತವೆ. ಕೆಳದರ್ಜೆಯ ಬಿಡುಗಡೆ ಪಡೆದವನು ಸಾಮಾನ್ಯವಾಗಿ 15 ವರ್ಷಗಳೊಳಗೆ ಪುನರ್ವಿಮರ್ಶಾ ಮಂಡಳಿಗೆ ಅರ್ಜಿ ಸಲ್ಲಿಸಬಹುದು. ಒಂದೇ ಸಮನೆ 180 ದಿನ ಅನುಮತಿಯಿಲ್ಲದೆ ಗೈರುಹಾಜರಾಗಿ ಅಂಥ ಬಿಡುಗಡೆ ಪಡೆದವನಿಗೆ ಮಾಜಿ ಸೈನಿಕರ ಸೌಲಭ್ಯಗಳು ನಿಂತುಹೋಗುತ್ತವೆ. ಆದರೆ ಆ ಗೈರುಹಾಜರಿಗೆ ಅನಿವಾರ್ಯವಾದ ಸನ್ನಿವೇಶವಿತ್ತೆಂದು ಅವನು ಮನಗಾಣಿಸಿದರೆ ಅವು ಮತ್ತೆ ದೊರೆಯಬಹುದು. ಅಲ್ಲಿಯೂ ಕೇಳುವುದು ಕಾರಣವನ್ನೇ, ಬೇಡುವುದು ಆಧಾರವನ್ನೇ.

ಸುಳ್ಳಿನ ದಾರಿ ಬೇಡ

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಹಣ ಕೊಟ್ಟರೆ ಹಿಂದಿನ ತಾರೀಖಿನ ವೈದ್ಯಕೀಯ ಪ್ರಮಾಣಪತ್ರ ತಂದುಕೊಡುತ್ತೇವೆ ಎನ್ನುವವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಅಂಥವರ ಹೊಸ್ತಿಲು ತುಳಿಯಬಾರದು. ಒಂದು ಸುಳ್ಳು ಕಾಗದ ಬಯಲಾದರೆ ಅದರ ಪಕ್ಕದಲ್ಲಿರುವ ಹತ್ತು ಸತ್ಯದ ಕಾಗದಗಳೂ ಸಂಶಯಕ್ಕೆ ಗುರಿಯಾಗುತ್ತವೆ. ಗಡಿಯ ಚಳಿಯಲ್ಲಿ ಅವನ ಪಾಲಿನ ಕಾವಲನ್ನು ಇನ್ನೊಬ್ಬ ತಾಯಿಯ ಮಗನು ಕಾದಿರುತ್ತಾನೆ ಎಂಬುದನ್ನೂ ಮರೆಯಲಾಗದು. ಆದುದರಿಂದ ಮನವಿಯಲ್ಲಿ ತನ್ನ ತಪ್ಪನ್ನು ಮೊದಲು ಒಪ್ಪಿಕೊಂಡು, ಅನಂತರ ಕಾರಣವನ್ನು ನಿವೇದಿಸಿಕೊಳ್ಳುವುದು ಧರ್ಮವೂ ಹೌದು, ವಿವೇಕವೂ ಹೌದು.

ಕೆಲವು ಸಲ ಕಾರಣ ಕಣ್ಣಿಗೆ ಕಾಣುವಂಥದಾಗಿರುವುದಿಲ್ಲ. ರಜೆಗೆ ಬಂದ ಮಗನು ರಾತ್ರಿಯೆಲ್ಲ ನಿದ್ರಿಸದೆ ಕೂತಿರುತ್ತಾನೆ, ಯಾರೊಡನೆಯೂ ಮಾತಾಡುವುದಿಲ್ಲ, ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಾನೆ. ಇದು ಹೇಡಿತನವೆಂದು ಹಂಗಿಸುವುದಾಗಲಿ, ಗಾಳಿ ಸೋಕಿದೆಯೆಂದು ತಾಯಿತ ಕಟ್ಟಿಸುವುದಾಗಲಿ ಸಲ್ಲದು. ಅದು ಕಾಯಿಲೆ. ಸೈನಿಕ ಆಸ್ಪತ್ರೆಗೆ, ಅದು ದೂರವಾದರೆ ಸರಕಾರಿ ಆಸ್ಪತ್ರೆಗೆ ಕರೆದೊಯ್ದು ಚಿಕಿತ್ಸೆ ಕೊಡಿಸಿ, ದಳಕ್ಕೆ ಕೂಡಲೇ ತಿಳಿಸಬೇಕು.

ಮನೆಯವರು ಮಾಡಬೇಕಾದುದು

ರಜೆ ಮುಗಿಯುವ ಮುನ್ನವೇ ಸಂಕಟ ಒದಗಿದರೆ, ಮುಗಿಯುವ ಮುನ್ನವೇ ವಿಸ್ತರಣೆ ಕೇಳಬೇಕು. ದೂರವಾಣಿಯಲ್ಲಿ ಹೇಳಿದರೂ ಬರವಣಿಗೆಯಲ್ಲಿ ಮತ್ತೊಮ್ಮೆ ಅಂಚೆಯಿಂದ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಬೇಕು. ದಿನ ಮೀರಿಹೋಗಿದ್ದರೆ ಮುಚ್ಚಿಡದೆ ತಾನಾಗಿಯೇ ಹೋಗಿ ಹಾಜರಾಗುವುದು ಲೇಸು. ಹಿಡಿದು ತರಿಸಿಕೊಂಡವನಿಗೂ ತಾನಾಗಿ ಬಂದವನಿಗೂ ಅಂತರವಿದೆ. ಮರಳುವ ಸಂಕಲ್ಪವಿತ್ತು ಎಂಬುದಕ್ಕೆ ಅದೇ ದೊಡ್ಡ ಸಾಕ್ಷಿ. ದಳದಿಂದ ಬಂದ ಪತ್ರವನ್ನು ತಪ್ಪದೆ ಒಡೆದು ಓದಬೇಕು; ಓದಲು ಬಾರದಿದ್ದರೆ ಓದಿಸಿಕೊಳ್ಳಬೇಕು. ಸಲಹೆಗಾಗಿ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನೂ, ಕಾನೂನು ನೆರವಿಗಾಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನೂ ಕಾಣಬಹುದು. ಯೋಧರ ಕುಟುಂಬಗಳ ಕಾನೂನು ನೆರವಿಗಾಗಿಯೇ ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರವು 2025ರ ಜುಲೈ ತಿಂಗಳಲ್ಲಿ ವೀರ ಪರಿವಾರ ಸಹಾಯತಾ ಯೋಜನೆಯನ್ನು ಆರಂಭಿಸಿದೆ.

ಲಕ್ಕಮ್ಮನ ಎಚ್ಚರ

ಕಾಯಕ ನಿಷ್ಠೆಯ ಮಾತು ಬಂದಾಗ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ನೆನಪಾಗದಿರರು. ಅನುಭಾವ ಗೋಷ್ಠಿಯಲ್ಲಿ ಮೈಮರೆತು ಕುಳಿತ ಮಾರಯ್ಯನವರಿಗೆ ಕಾಯಕದ ಹೊತ್ತು ಮೀರುತ್ತಿದೆಯೆಂದು ನೆನಪಿಸಿ ಎಬ್ಬಿಸಿದವರು ಸತಿ ಲಕ್ಕಮ್ಮ. ಕಾಯಕಕ್ಕೆ ಗಂಡನೊಬ್ಬನೇ ಹೊಣೆಯಲ್ಲ, ಮನೆಯೇ ಹೊಣೆ ಎಂಬ ಅರಿವು ಆ ತಾಯಿಯಲ್ಲಿತ್ತು. ನಾವು ಆ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗುತ್ತೇವೆ. ಆದರೆ ರಜೆ ಮುಗಿದ ಮಗನನ್ನು ಎಬ್ಬಿಸುವ ಹೊತ್ತಿಗೆ ಮಮತೆ ನಮ್ಮ ಬಾಯಿ ಕಟ್ಟುತ್ತದೆ. ಅವನು ವಜಾಗೊಂಡ ಮೇಲೆ ಮರ್ಯಾದೆಯ ಭಯ ಬಾಯಿ ಕಟ್ಟುತ್ತದೆ. ಈ ಎರಡು ಮೌನಗಳ ನಡುವೆ ಒಂದು ಸಂಸಾರವೇ ಸೊರಗುತ್ತದೆ.

ಆ ಯೋಧನ ಕಥೆ ಏನಾಯಿತೆಂದು ಓದುಗರು ಕೇಳಬಹುದು. ಅವನ ಕಾಗದಗಳನ್ನು ಜೋಡಿಸಿ ಒಬ್ಬ ವಕೀಲರ ನೆರವಿನಿಂದ ಮನವಿ ಸಲ್ಲಿಸಲಾಯಿತು. ತಪ್ಪನ್ನು ಮರೆಮಾಚದೆ ಒಪ್ಪಿಕೊಂಡಿದ್ದೆವು. ವರ್ಷಗಳು ಉರುಳಿದವು. ಕಡೆಗೆ ವಜಾ ಎಂಬ ಶಬ್ದ ಅಳಿದು ಬಿಡುಗಡೆ ಎಂಬ ಶಬ್ದ ಬಂದಿತು. ಹನ್ನೆರಡು ವರ್ಷಗಳ ಸೇವೆಗೆ ಸಲ್ಲಬೇಕಾದ ಉಪದಾನ ದೊರೆಯಿತು. ಪಿಂಚಣಿ ದೊರೆಯಲಿಲ್ಲ, ಹದಿನೈದು ವರ್ಷ ತುಂಬಿರಲಿಲ್ಲವಷ್ಟೇ. ಆ ಮೂರು ವರ್ಷಗಳನ್ನು ಯಾವ ಮಂಡಳಿಯೂ ಮರಳಿ ಕೊಡಲಾರದು. ಅಂದು ನಾನು ಬರೆಯದೆ ಹೋದ ಎರಡು ಸಾಲುಗಳ ಬೆಲೆ ಅದು ಎಂದು ನಾನು ತಿಳಿದಿದ್ದೇನೆ. ಇದನ್ನು ಅವನ ಮುಂದೆಯೂ ಹೇಳಿದ್ದೇನೆ. ಅವನು, “ಇರಲಿ ಗುರುಗಳೇ, ಅಪ್ಪನ ಕಡೆಗಾಲದಲ್ಲಿ ಜೊತೆಗಿದ್ದೆನಲ್ಲ” ಎಂದ. ಅವನ ಮನಸ್ಸು ದೊಡ್ಡದು. ಅದರಿಂದ ನನ್ನ ತಪ್ಪು ಚಿಕ್ಕದಾಗುವುದಿಲ್ಲ.

ಈಗ ಅವನ ಮನೆಯ ಪಡಸಾಲೆಯಲ್ಲಿ ಆ ಭಾವಚಿತ್ರ ಮತ್ತೆ ಗೋಡೆಗೇರಿದೆ. ನಿಮ್ಮ ಓಣಿಯಲ್ಲಿಯೂ ಅಂಥ ಚಿತ್ರವೊಂದು ಪೆಟ್ಟಿಗೆಯಲ್ಲಿ ಮಲಗಿರಬಹುದು. ಒಡೆಯದ ಲಕೋಟೆಗಳು ಜಂತಿಯ ಸಂದಿನಲ್ಲಿರಬಹುದು. ಆ ಮನೆಯವರನ್ನು ಆಡಿಕೊಳ್ಳುವ ಬದಲು, ಅಕ್ಷರ ಬಲ್ಲವರು ಅವರ ಬಾಗಿಲಿಗೆ ಹೋಗಿ, “ಆ ಪತ್ರ ತನ್ನಿರಿ, ಓದೋಣ” ಎನ್ನಲಿ. ಅನ್ನದ ದಾಸೋಹದಂತೆ ಅಕ್ಷರದ ದಾಸೋಹವೂ ದಾಸೋಹವೇ.